ಕರೆಕ್ಟ್ ಮಾವ ಇಳಿಸಿದ ಗಡಿಯಾರಗಳು

ಕರೆಕ್ಟ್ ಮಾವ ಹೇಡಿ. ಅವನನ್ನು ಸುಳ್ಳುಗಾರ ಎನ್ನುವವರಿದ್ದಾರೆ. ಅದು ಅವನಿಗೆ ಸಲ್ಲದ ಗೌರವ. ಎದುರಿನವರ ಮುಖ ನೋಡಿ ಸುಳ್ಳು ಹೇಳುವುದಕ್ಕೂ ಒಂದಿಷ್ಟು ಎದೆಗಾರಿಕೆ ಬೇಕು. ಅವನು ಆ ಕೆಲಸವನ್ನೂ ಕ್ಯಾಮೆರಾದ ಕೈಲಿ ಮಾಡಿಸಿ, ತಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದ. ತನ್ನ ಅಂಗಿಯ ಮೇಲೆ ಒಂದು ಹನಿ ಕೆಸರು ಹಾರುವಂತಿದ್ದರೆ ಒಡಹುಟ್ಟಿದವಳ ಮಗಳನ್ನೇ ಅಡ್ಡ ನಿಲ್ಲಿಸಿಕೊಳ್ಳುವ ಮನುಷ್ಯ. ಈ ತೀರ್ಮಾನಕ್ಕೆ ಬಂದವಳು, ಹಾಗೆ ಅಡ್ಡ ನಿಂತು ಕೆಸರು ಮೆತ್ತಿಸಿಕೊಂಡ ಆ ಮಗಳೇ. ಆಕೆ ಊರಿನ ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ನರ್ಸ್. ಹಗುರವಾಗಿ ಮಾತಾಡುವ ಹೆಂಗಸಲ್ಲ. ಹಗುರವಾಗಿ ಕ್ಷಮಿಸುವ ಹೆಂಗಸೂ ಅಲ್ಲ.

ಮಾವನ ಸ್ಟುಡಿಯೋ ಪೇಟೆಬೀದಿಯ ತಿರುವಿನಲ್ಲಿ, ಬೀಗ ರಿಪೇರಿಯವನ ಗೂಡಂಗಡಿಗೂ ಟೈಲರ್ ಅಂಗಡಿಗೂ ನಡುವೆ ಇತ್ತು. ಮುಂದೆ ಗಾಜಿನ ಶೋಕೇಸು, ಒಳಗೆ ಕೌಂಟರು, ಕೌಂಟರಿನ ಹಿಂದೆ ಪರದೆ, ಪರದೆಯ ಆಚೆ ಫೋಟೋ ತೆಗೆಯುವ ಕೋಣೆ. ಅಲ್ಲಿ ಒಂದು ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ, ಒಂದು ಪೌಡರ್ ಡಬ್ಬಿ, ಗೋಡೆಯ ಗೂಟದಲ್ಲಿ ಒಂದೇ ಒಂದು ಕಪ್ಪು ಕೋಟು. ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬಂದ ಗಂಡಸರೆಲ್ಲ ಆ ಕೋಟನ್ನೇ ಹಾಕಿಕೊಳ್ಳಬೇಕು. ತೆಳ್ಳಗಿನವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತಿದ್ದ. ದಪ್ಪಗಿನವರಿಗೆ ಗುಂಡಿ ಹಾಕದೆ ಕೆಳಗೆ ಕೈಯಲ್ಲಿ ಎಳೆದು ಹಿಡಿದುಕೊಳ್ಳಲು ಹೇಳುತ್ತಿದ್ದ. ಊರಿನ ಅರ್ಧ ಗಂಡಸರು ಸರ್ಕಾರಿ ಕಾಗದಗಳಲ್ಲಿ ಒಂದೇ ಕೋಟಿನಲ್ಲಿದ್ದಾರೆ, ಅದರ ಬಗ್ಗೆ ಯಾರೂ ತಕರಾರು ಮಾಡಿದ್ದಿಲ್ಲ. ಮಾವನಿಗೆ ಕೆಲಸ ಬರುತ್ತಿತ್ತು, ಅದನ್ನು ಅವನ ಶತ್ರುವೂ ಒಪ್ಪಬೇಕು. ಅಳುವ ಮಗುವಿನ ಎದುರು ತಾನೂ ಅಳುಮುಖ ಮಾಡಿ, ಅದು ಬೆರಗಾಗಿ ಬಾಯಿ ಮುಚ್ಚಿದ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತುತ್ತಿದ್ದ. ಮದುವೆ ಮಾತ್ರ ಆಗಲಿಲ್ಲ. "ಇವನು ಹೊರಟು ನಿಲ್ಲೋ ಹೊತ್ತಿಗೆ ಹುಡುಗಿಗೆ ಮೊಮ್ಮಕ್ಕಳಾಗಿರುತ್ವೆ" ಎಂದು ಅವನ ಅಕ್ಕ, ಎಂದರೆ ನರ್ಸಿನ ತಾಯಿ, ಹೇಳುತ್ತಿದ್ದಳು.

ಅಕ್ಕ ತಮಾಷೆಗೆ ಹೇಳಿದ್ದೇ ಅವನ ನಿಜವಾದ ರೋಗ. ಹೊರಟ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವುದು; ಬಂದ ಮೇಲೆ ಲೆನ್ಸ್ ಇನ್ನೊಮ್ಮೆ ಒರೆಸುವುದು; ಒರೆಸುತ್ತ ಒರೆಸುತ್ತ ಬೀಗದವನ ಜೊತೆ ಲೋಕದ ಮಾತೆಲ್ಲ ಆಡುವುದು. ಒಂಬತ್ತಕ್ಕೆ ಬರುತ್ತೇನೆಂದರೆ ಹತ್ತಕ್ಕೆ. ಆದರೆ "ಯಾಕ್ರೀ ಇಷ್ಟು ತಡ" ಎಂದು ಕೇಳಿದವರಿಗೆ ಅವನು ಉತ್ತರ ಕೊಡುತ್ತಿರಲಿಲ್ಲ. ಸುಮ್ಮನೆ ಒಂದು ಫೋಟೋ ತೆಗೆದು ಕ್ಯಾಮೆರಾದ ಬೆನ್ನನ್ನು ಅವರ ಮುಖಕ್ಕೆ ಹಿಡಿಯುತ್ತಿದ್ದ. ಕೆಳಗಿನ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ತಾರೀಖು, ಅದರ ಪಕ್ಕದಲ್ಲಿ ಒಂಬತ್ತು ಗಂಟೆ ಚಿಲ್ಲರೆ.

"ಕರೆಕ್ಟ್ ಟೈಮಿಗೆ ಬಂದಿದೀನಿ. ನೋಡ್ಕೊಳ್ಳಿ."

ಜನ ತಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು, ಅಲುಗಾಡಿಸುತ್ತಿದ್ದರು, ಕಿವಿಗಿಟ್ಟು ಕೇಳುತ್ತಿದ್ದರು. ಯಂತ್ರದ ಮುಂದೆ ತಮ್ಮನ್ನೇ ಅನುಮಾನಿಸಿಕೊಳ್ಳುವುದು ಜನರ ಹಳೆಯ ಚಾಳಿ. ಮೊದಲು ಮನೆಯ ಮಕ್ಕಳು ಅವನನ್ನು ಕರೆಕ್ಟ್ ಮಾವ ಎಂದು ಕರೆದರು, ಆಮೇಲೆ ಇಡೀ ಬೀದಿ ಕರೆಯಿತು. ಅವನು ಅದನ್ನು ಬಿರುದೆಂದೇ ತಿಳಿದುಕೊಂಡ.

ಅವನದು ಇನ್ನೊಂದು ಪದ್ಧತಿ. ಗುಂಪು ಫೋಟೋ ತೆಗೆಯುವ ಮುಂಚೆ ಗೋಡೆಯ ಮೇಲಿನ ಗಡಿಯಾರ ಇಳಿಸಬೇಕು. "ಗಾಜಿಗೆ ಫ್ಲ್ಯಾಷ್ ಬಡಿಯುತ್ತೆ. ನಿಮ್ಮ ತಲೆ ಮೇಲೆ ಬೆಂಕಿ ಹತ್ತಿದ ಹಾಗೆ ಬರುತ್ತೆ, ಆಮೇಲೆ ನನ್ನ ಬೈಬೇಡಿ" ಎನ್ನುತ್ತಿದ್ದ. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ನೆಂಟರ ಮನೆಯಲ್ಲಿ, ಆಸ್ಪತ್ರೆಯ ವಾರ್ಷಿಕ ಸಮಾರಂಭದಲ್ಲಿ, ಎಲ್ಲ ಕಡೆ ಯಾರಾದರೊಬ್ಬರು ಸ್ಟೂಲು ಹತ್ತಿ ಗಡಿಯಾರ ಇಳಿಸುವುದರಿಂದಲೇ ಫೋಟೋ ಶುರುವಾಗುತ್ತಿತ್ತು. ಅವನು ತೆಗೆದ ಯಾವ ಆಲ್ಬಮ್ ತೆರೆದರೂ, ಸಾಲಾಗಿ ನಿಂತವರ ತಲೆಯ ಮೇಲೆ ಒಂದು ಬೋಳು ಮೊಳೆ, ಮೊಳೆಯ ಕೆಳಗೆ ಗೋಡೆಯ ಬಣ್ಣ ಮಾಸದೆ ಉಳಿದ ಒಂದು ಬಿಳಿ ವೃತ್ತ. ಅದೇ ಗೋಡೆಯಲ್ಲಿ ಗಾಜು ಹಾಕಿದ ಪಟಗಳೂ ಇರುತ್ತಿದ್ದವು. ಅವುಗಳಿಗೆ ಫ್ಲ್ಯಾಷ್ ಯಾಕೆ ಬಡಿಯುವುದಿಲ್ಲ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಅಜ್ಜಿಗೆ ತೊಂಬತ್ತು ತುಂಬಿದ್ದಕ್ಕೆ ಮನೆಯವರೆಲ್ಲ ಸೇರಿ ಒಂದು ಸಣ್ಣ ಹಾಲ್ ಬಾಡಿಗೆಗೆ ಹಿಡಿದು ಊಟ ಇಟ್ಟುಕೊಂಡಿದ್ದರು. ಆಗಿನ್ನೂ ಎಲ್ಲರ ಜೇಬಿನಲ್ಲೂ ಫೋನಿನ ಕ್ಯಾಮೆರಾ ಬಂದಿರಲಿಲ್ಲ. ಫೋಟೋ ಎಂದರೆ ಮಾವನೇ. ನರ್ಸಿನ ಪಾಳಿ ಎರಡು ಗಂಟೆಗೆ ಮುಗಿಯಿತು. ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಬಸ್ಸು ಹಿಡಿದು ಅವಳು ಹಾಲ್ ಮುಟ್ಟುವ ಹೊತ್ತಿಗೆ ಎಲ್ಲರ ಊಟ ಆಗಿ ಕುರ್ಚಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು.

"ಬಂತು ನೋಡಿ ನಮ್ಮನೆ ಏಣಿ" ಎಂದ ಮಾವ. ಅವಳು ಎತ್ತರದ ಹೆಂಗಸು. "ಹತ್ತಮ್ಮ, ಆ ಗಡಿಯಾರ ಇಳಿಸು."

"ಒಂದು ತುತ್ತು ತಿಂತೀನಿ ಮಾವ, ಬೆಳಿಗ್ಗೆಯಿಂದ ನಿಂತೇ ಇದೀನಿ."

"ಇನ್ನೂ ಒಂದು ನಿಮಿಷ ನಿಂತರೆ ಕಾಲೇನೂ ಬಿದ್ದುಹೋಗಲ್ಲ."

ಅವಳು ಕುರ್ಚಿ ಹತ್ತಿ ಗಡಿಯಾರ ಇಳಿಸಿದಳು. ಅದರ ನೆತ್ತಿಯ ಮೇಲಿನ ಧೂಳು ಹೊಸ ನೀಲಿ ಬಟ್ಟೆಗೆ ತಾಗಿತು. ಮುಳ್ಳುಗಳು ಎರಡು ಗಂಟೆ ನಲವತ್ತು ನಿಮಿಷ ತೋರಿಸುತ್ತಿದ್ದವು. ಇಡಲು ಜಾಗ ಕಾಣದೆ ಕೈಯಲ್ಲಿ ಹಿಡಿದು ನಿಂತಾಗ ಮಾವ, "ಬೆನ್ನ ಹಿಂದೆ ಹಿಡ್ಕೋ ಸಾಕು" ಎಂದ. ಹಾಗಾಗಿ ಆ ಫೋಟೋದಲ್ಲಿ ಅಜ್ಜಿಯ ಕುರ್ಚಿಯ ಪಕ್ಕ ಆಕೆ ಎರಡೂ ಕೈ ಹಿಂದೆ ಕಟ್ಟಿಕೊಂಡು, ಶಿಕ್ಷೆಗೆ ನಿಂತ ಶಾಲೆಯ ಹುಡುಗಿಯ ಹಾಗೆ ನಿಂತಿದ್ದಾಳೆ. ಅಜ್ಜಿ ಅದನ್ನು ನೋಡಿಯೇ ನಕ್ಕದ್ದು. ಒಂದೂ ಹಲ್ಲಿಲ್ಲದ, ಇಡೀ ಮುಖದ ನಗು. ಮಾವ ಅದನ್ನು ದೊಡ್ಡದು ಮಾಡಿಸಿ ಶೋಕೇಸಿನ ನಟ್ಟನಡುವೆ ಇಟ್ಟ. ಮೂಲೆಯಲ್ಲಿ ಕಿತ್ತಳೆ ಅಂಕಿಗಳು: ಆ ದಿನದ ತಾರೀಖು, ಒಂದು ಗಂಟೆ ನಲವತ್ತು ನಿಮಿಷ.

ಅದೇ ದಿನ ಒಂದೂವರೆಯ ಸುಮಾರಿಗೆ ವಾರ್ಡಿನಲ್ಲಿ ಒಬ್ಬ ಮುದುಕ ಬಿದ್ದಿದ್ದ. ಕಿಟಕಿ ಪಕ್ಕದ ಹಾಸಿಗೆಯವನು, ಯಾರನ್ನೂ ಕರೆಯದೆ ಬಚ್ಚಲಿಗೆ ಹೊರಟು ಎರಡು ಹೆಜ್ಜೆಗೇ ಜಾರಿದ. ಆಯಾ ಲಾಂಡ್ರಿಯಿಂದ ಹಾಸುಬಟ್ಟೆ ತರಲು ಹೋಗಿದ್ದಳು. ನರ್ಸ್ ಪಕ್ಕದ ಕೋಣೆಯಲ್ಲಿ ವಾಂತಿ ಮಾಡುತ್ತಿದ್ದ ಇನ್ನೊಬ್ಬ ರೋಗಿಯ ತಲೆ ಹಿಡಿದುಕೊಂಡಿದ್ದಳು. ಸದ್ದು ಕೇಳಿ ಓಡಿ ಬಂದಳು. ಅಷ್ಟರಲ್ಲಿ ಆಯಾನೂ ಬಂದಳು. ಇಬ್ಬರೂ ಸೇರಿ ಎತ್ತಿ ಮಲಗಿಸಿದರು. ಡ್ಯೂಟಿ ಡಾಕ್ಟರಿಗೆ ಹೇಳಿಕಳಿಸಿದರೆ, ಅವರು ಊಟ ಮುಗಿಸಿ ಬರುವಷ್ಟರಲ್ಲಿ ಪಾಳಿಯೇ ಬದಲಾಗಿತ್ತು. ಮುದುಕನ ಸೊಂಟದ ಮೂಳೆ ಮುರಿದಿತ್ತು. ಅವನ ಮಗ ಸಿಟ್ಟಿನ ಮನುಷ್ಯ, ಸಿಟ್ಟು ಬರಲು ಕಾರಣವೂ ಇತ್ತು. ನಮ್ಮಪ್ಪ ಬಿದ್ದಾಗ ವಾರ್ಡಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ ಎಂದು ದೂರು ಕೊಟ್ಟ.

ದೂರು ದೂರಾಗಿಯೇ ಉಳಿಯುತ್ತಿತ್ತೇನೋ. ಆದರೆ ಆ ಮಗ ಅಪ್ಪನ ವಿಮೆಯ ಕಾಗದಕ್ಕೆ ಫೋಟೋ ಬೇಕೆಂದು ಮಾವನ ಸ್ಟುಡಿಯೋಗೇ ಹೋದ. ಶೋಕೇಸಿನಲ್ಲಿ ನೀಲಿ ಬಟ್ಟೆಯ ಎತ್ತರದ ಹೆಂಗಸನ್ನು ಕಂಡ, ಅಪ್ಪನ ವಾರ್ಡಿನ ನರ್ಸೇ ಎಂದು ಗುರುತು ಹಿಡಿದ. ತಾರೀಖು ನೋಡಿದ, ಗಂಟೆ ನೋಡಿದ. ಅಜ್ಜಿಯ ನಗು ಬಹಳ ಚೆನ್ನಾಗಿದೆ, ಒಂದು ಪ್ರತಿ ಕೊಡುತ್ತೀರಾ ಎಂದು ಕೇಳಿದ. ಮಾವ ಹೊಗಳಿಕೆಗೆ ಉಬ್ಬಿ, ಕವರಿನಲ್ಲಿ ಹಾಕಿ, ಬಿಟ್ಟಿಯಾಗಿ ಕೊಟ್ಟುಕಳಿಸಿದ.

ಮೂರನೆಯ ದಿನ ಆಸ್ಪತ್ರೆಯ ಸೂಪರಿಂಟೆಂಡೆಂಟರು ಆ ಫೋಟೋವನ್ನು ಮೇಜಿನ ಮೇಲೆ ಇಟ್ಟು ಅವಳ ಕಡೆ ತಿರುಗಿಸಿದರು.

"ಇದು ನೀವೇ ಅಲ್ವಾ ಸಿಸ್ಟರ್?"

"ಹೌದು ಸಾರ್. ಪಾಳಿ ಮುಗಿಸಿ ಹೋದ ಮೇಲೆ ತೆಗೆದದ್ದು."

"ಒಂದು ನಲವತ್ತಕ್ಕೆ ಪಾಳಿ ಮುಗೀತಾ?"

"ಆ ಟೈಮ್ ತಪ್ಪು. ಆಯಾನ್ನ ಕೇಳಿ. ನನ್ನಿಂದ ಪಾಳಿ ವಹಿಸ್ಕೊಂಡ ಸಿಸ್ಟರ್‌ನ ಕೇಳಿ."

"ಕೇಳಿದ್ದಾಯ್ತು. ನೀವು ನೀವು ಒಬ್ಬರನ್ನೊಬ್ಬರು ಬಿಟ್ಟುಕೊಡಲ್ಲ ಅನ್ನೋದು ನನಗೆ ಗೊತ್ತಿಲ್ವಾ?" ಅವರು ಫೋಟೋದ ಮೂಲೆಯ ಮೇಲೆ ಪೆನ್ನಿಟ್ಟರು. "ಮನುಷ್ಯರು ಹೇಳೋದಕ್ಕೆ ಕಾರಣ ಇರುತ್ತೆ. ಇದಕ್ಕೇನು ಕಾರಣ ಇದೆ ಸುಳ್ಳು ಹೇಳೋಕೆ?"

ಹದಿನಾರು ವರ್ಷ ದುಡಿದವಳ ಮಾತಿಗಿಂತ ನಾಲ್ಕು ಕಿತ್ತಳೆ ಅಂಕಿಗೆ ತೂಕ ಹೆಚ್ಚಾಯಿತು. ಊಟಕ್ಕೆ ಹೋಗಿ ತಡವಾಗಿ ಬಂದ ಡಾಕ್ಟರರನ್ನು ಯಾರೂ ಏನೂ ಕೇಳಲಿಲ್ಲ. ಅವರ ಊಟದ ಫೋಟೋ ಯಾರೂ ತೆಗೆದಿರಲಿಲ್ಲ. ಮುಂದಿನ ಸೋಮವಾರ ವಿಚಾರಣೆ ಎಂದರು. ತಪ್ಪು ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ, ನರ್ಸ್‌ಗಳ ಪಟ್ಟಿಯಿಂದಲೇ ಹೆಸರು ಹೊಡೆದುಹಾಕುತ್ತಾರೆ; ಆಮೇಲೆ ಯಾವ ಊರಿನ ಯಾವ ಆಸ್ಪತ್ರೆಯೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅವಳಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ನೇರವಾಗಿ ಸ್ಟುಡಿಯೋಗೆ ನಡೆದಳು. ಆಗಿನ್ನೂ ಅವಳಲ್ಲಿ ಸಿಟ್ಟಿರಲಿಲ್ಲ. ಕ್ಯಾಮೆರಾ ಕೆಟ್ಟಿರಬೇಕು, ಮಾವ ಬಂದು ಒಂದು ಮಾತು ಹೇಳಿದರೆ ಮುಗಿಯಿತು ಎಂದುಕೊಂಡಿದ್ದಳು.

"ನಿಮ್ಮ ಕ್ಯಾಮೆರಾ ಗಡಿಯಾರ ಕೆಟ್ಟಿದೆ ಮಾವ" ಎಂದು, ನಡೆದದ್ದನ್ನೆಲ್ಲ ಹೇಳಿದಳು.

ಮಾವ ಒಬ್ಬರ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ. ಕತ್ತರಿ ನಿಲ್ಲಿಸಲಿಲ್ಲ. "ಆ ಹಾಲಿನ ಗಡಿಯಾರ ಮುಂದಿತ್ತೇನೋ."

"ಒಂದು ಗಂಟೆ ಮುಂದಾ?"

"ಬಾಡಿಗೆ ಹಾಲು. ಜನರನ್ನ ಬೇಗ ಎಬ್ಬಿಸೋಕೆ ಹಾಗೆಲ್ಲ ಮಾಡ್ತಾರೆ."

"ನನ್ನ ಪಾಳಿ ಮುಗಿದದ್ದೇ ಎರಡಕ್ಕೆ. ಅದನ್ನೂ ಆ ಹಾಲಿನವರೇ ಮುಂದೆ ಮಾಡಿದ್ರಾ? ಸೋಮವಾರ ಬಂದು, ನನ್ನ ಕ್ಯಾಮೆರಾದ ಟೈಮ್ ಸರಿಯಿಲ್ಲ ಅಂತ ಹೇಳಿ. ಅಷ್ಟು ಸಾಕು."

"ಅದೊಂದು ಕೇಳಬೇಡ ಮಗಳೇ." ಅವನ ಧ್ವನಿ ಬಹಳ ಮೃದುವಾಗಿತ್ತು, ಅದೇ ಅವಳಿಗೆ ಮೊದಲು ಚುಚ್ಚಿದ್ದು. "ನನ್ನ ಕ್ಯಾಮೆರಾದಲ್ಲಿ ತಪ್ಪಿಲ್ಲ. ಇದೊಂದು ಹೆಸರು ಉಳಿಸ್ಕೊಂಡು ಬಂದಿದೀನಿ. ದೇವರಾಣೆ ಬೇರೆ ಏನು ಬೇಕಾದ್ರೂ ಕೇಳು."

ಕ್ಯಾಮೆರಾ ಕೌಂಟರಿನ ಮೇಲೇ ಇತ್ತು. ಹಲ್ಲುಜ್ಜುವ ಬ್ರಷ್ಷಿನ ಹಾಗೆ ಅದನ್ನೂ ಬೇರೆಯವರು ಮುಟ್ಟಬಾರದು ಎಂಬುದು ಮನೆಯ ಮಕ್ಕಳೆಲ್ಲ ಕಲಿತ ಮೊದಲ ಪಾಠ. ಅವಳು ಎತ್ತಿಕೊಂಡು, ಬೀದಿಯ ಕಡೆ ತಿರುಗಿ ಒತ್ತಿದಳು. ಬೀಗದವನ ಬೆನ್ನು, ಒಂದು ಸೈಕಲ್ಲು, ಮೂಲೆಯಲ್ಲಿ ಕಿತ್ತಳೆ ಅಂಕಿ. ತನ್ನ ಕೈಗಡಿಯಾರ ನೋಡಿಕೊಂಡಳು. ಸರಿಯಾಗಿ ಒಂದು ಗಂಟೆ ಹಿಂದೆ. ಕೆಟ್ಟ ಗಡಿಯಾರ ಹೀಗೆ ಅಳೆದು ತೂಗಿ ಹಿಂದೆ ಬೀಳುವುದಿಲ್ಲ.

ಆಗ ಅವಳಿಗೆ ನೆನಪಾದದ್ದು ಬ್ಯಾಟರಿ. ಆ ಕ್ಯಾಮೆರಾದಲ್ಲಿ ಬ್ಯಾಟರಿ ತೆಗೆದರೆ ಒಳಗಿನ ಗಡಿಯಾರ ಎಲ್ಲವನ್ನೂ ಮರೆಯುತ್ತಿತ್ತು. ಮತ್ತೆ ಹಾಕಿದಾಗ ತಾರೀಖು, ಗಂಟೆ ಎರಡನ್ನೂ ಹೊಸದಾಗಿ ಹೇಳಿಕೊಡಬೇಕು. ಬ್ಯಾಟರಿ ಸೋರಿ ಕ್ಯಾಮೆರಾ ಹಾಳಾಗುತ್ತದೆಂದು ಮಾವ ಪ್ರತಿ ಸಂಜೆ ಅದನ್ನು ತೆಗೆದಿಡುತ್ತಿದ್ದ. ಪ್ರತಿ ಬೆಳಿಗ್ಗೆ ಮೇಜಿನ ಗಡಿಯಾರ ಎದುರಿಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ಗುಂಡಿ ಒತ್ತುತ್ತ ಗಂಟೆ ಹಾಕುತ್ತಿದ್ದದ್ದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಎಂದೋ ಒಮ್ಮೆ ಆಡಿದ ಆಟವಲ್ಲ ಇದು. ದಿನ ಬೆಳಗಾದರೆ ತನ್ನ ಬೆರಳಿನಿಂದಲೇ ಒಂದು ಗಂಟೆಯನ್ನು ಕದ್ದು ಹೊರಟಿದ್ದಾನೆ.

"ನೀನೇ ಹಾಕೋದು" ಎಂದಳು. ಹುಟ್ಟಿದಾಗಿನಿಂದ ಅವನಿಗೆ ನೀವು ಎಂದೇ ಮಾತಾಡಿದ್ದವಳು. "ಬೇಕಂತಲೇ ಹಾಕ್ತೀಯ. ತಡವಾಗಿ ಹೋಗಿ ಕರೆಕ್ಟ್ ಅನ್ನಿಸ್ಕೊಳ್ಳೋಕೆ."

ಮಾವ ಕ್ಯಾಮೆರಾ ಕಿತ್ತುಕೊಂಡ. ಅವಳು ತೆಗೆದ ಫೋಟೋವನ್ನು ಅಳಿಸಿದ. ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಆಮೇಲೆ ಮತ್ತೆ ಕತ್ತರಿ ತೆಗೆದುಕೊಂಡ.

"ಮಾತಾಡು."

"ಗಿರಾಕಿ ಬರೋ ಹೊತ್ತು. ಮನೆಗೆ ಹೋಗು."

ಮನೆಗೆ ಹೋಗಿ ಅವಳು ಆಲ್ಬಮ್‌ಗಳನ್ನು ಅಟ್ಟದಿಂದ ಇಳಿಸಿದಳು. ಒಂದೊಂದೇ ಹಾಳೆ ತಿರುವಿದಳು. ಬೋಳು ಮೊಳೆ, ಬಿಳಿ ವೃತ್ತ. ತಂಗಿಯ ಮದುವೆಯಲ್ಲಿ ಬೋಳು ಮೊಳೆ. ಆಸ್ಪತ್ರೆಯ ವಾರ್ಷಿಕ ಸಮಾರಂಭದ ದಿನ, ಟೋಪಿ ತೊಟ್ಟ ಮೂವತ್ತು ನರ್ಸ್‌ಗಳ ತಲೆಯ ಮೇಲೆ ಬಿಳಿ ವೃತ್ತ. ಎಷ್ಟು ಸಲ ತಾನೇ ಕುರ್ಚಿ ಹತ್ತಿದ್ದೇನೆ, ಎಷ್ಟು ಗಡಿಯಾರಗಳ ಧೂಳು ಕುಡಿದಿದ್ದೇನೆ! ಕೊನೆಗೆ ತನ್ನ ಕತ್ತು ಕೊಯ್ಯುವ ಫೋಟೋಗೂ ಸಾಕ್ಷಿಯನ್ನು ತಾನೇ ಇಳಿಸಿ, ಬೆನ್ನ ಹಿಂದೆ ಬಚ್ಚಿಟ್ಟು, ಕ್ಯಾಮೆರಾ ಕಡೆ ನೋಡಿ ನಿಂತಿದ್ದಳು.

ತಾಯಿ ಪಕ್ಕದಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಗಳು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಮಡಚುತ್ತಲೇ ಇದ್ದಳು.

"ಗೊತ್ತು" ಎಂದಳು.

"ಏನು ಗೊತ್ತು?"

"ಅವನು ಗಂಟೆ ಹಿಂದೆ ಇಡೋದು. ಮೊದಲಿಂದ್ಲೂ ಗೊತ್ತು." ಟವಲಿನ ಅಂಚು ಎಳೆದು ಸರಿಮಾಡಿದಳು. "ಈ ಕ್ಯಾಮೆರಾ ಹೊಸದಾಗಿ ತಗೊಂಡಿದ್ದ. ಶಾಲೆಯಿಂದ ಕರೆದಿದ್ರು. ಒಂದು ಗಂಟೆ ತಡವಾಗಿ ಹೋದ. ಮಕ್ಕಳನ್ನೆಲ್ಲ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟಿದ್ರು, ಒಂದು ಹುಡುಗಿ ತಲೆ ತಿರುಗಿ ಬಿತ್ತು. ಆ ಹೆಡ್‌ಮಿಸ್ ಇವನು ಗೇಟು ದಾಟಿ ಬರ್ತಿದ್ದ ಹಾಗೆ ಮಕ್ಕಳಿಗೆಲ್ಲ ಚಪ್ಪಾಳೆ ಹೊಡೀರಿ ಅಂದ್ಲಂತೆ. ಸಾಹೇಬರು ಬಂದ್ರು, ಜೋರಾಗಿ ಹೊಡೀರಿ ಅಂತ. ಇವನು ಅಂಗಳ ದಾಟೋವರೆಗೂ ಹೊಡೆದ್ರು. ಅವತ್ತು ಇಲ್ಲಿಗೆ ಬಂದು, ಆ ಮೂಲೆಯಲ್ಲಿ ಕೂತು, ನೀರೂ ಮುಟ್ಟಲಿಲ್ಲ. ಮಾರನೇ ದಿನದಿಂದ ಹೀಗೆ. ಯಾರ ಹತ್ರಾನೂ ಬಾಯಿಬಿಡಲ್ಲ ಅಂತ ನಾನು ಮಾತು ಕೊಟ್ಟಿದೀನಿ."

"ಮಗು ಬಿದ್ದದ್ದಕ್ಕೆ ಬುದ್ಧಿ ಬರ್ಲಿಲ್ಲ, ಚಪ್ಪಾಳೆಗೆ ಬಂತು. ಅದೂ ಬೇಗ ಹೊರಡೋ ಬುದ್ಧಿ ಅಲ್ಲ, ಗಡಿಯಾರ ತಿರುಗಿಸೋ ಬುದ್ಧಿ."

"ಅವನ ಮರ್ಯಾದೆ ಕಣೇ. ಅದೊಂದನ್ನು ಬಿಟ್ರೆ ಅವನಿಗೆ ಯಾರಿದಾರೆ, ಏನಿದೆ?"

"ನನಗೇನಿದೆ?"

"ನಿನಗೆ ಇನ್ನೊಂದು ಕೆಲಸ ಸಿಗುತ್ತೆ."

"ಸಿಗಲ್ಲಮ್ಮ. ಪಟ್ಟಿಯಿಂದ ಹೆಸರು ತೆಗೆದ ಮೇಲೆ ಹೆಣ ತೊಳೆಯೋಕೂ ಕರೆಯಲ್ಲ. ನಿನ್ನ ತಮ್ಮ ಒಂದು ದಿನ ಊಟ ಬಿಟ್ಟಿದ್ದನ್ನ ಇಷ್ಟು ವರ್ಷ ನೆನಪಿಟ್ಟುಕೊಂಡಿದೀಯ. ನಾನು ಇನ್ನು ಮೇಲೆ ದಿನಾ ಏನು ತಿನ್ನಲಿ ಅಂತ ಒಂದು ಸಲ ಕೇಳಿದ್ಯಾ?"

ತಾಯಿ ಮಡಚಿದ ಟವಲನ್ನು ಬಿಡಿಸಿ ಇನ್ನೊಮ್ಮೆ ಮಡಚಿದಳು. ಅವತ್ತಿನಿಂದ ಸೋಮವಾರದವರೆಗೆ ಅಡಿಗೆಮನೆಯಲ್ಲಿ ತಾಯಿ ಮಗಳ ನಡುವೆ ಪಾತ್ರೆಗಳದ್ದೇ ಮಾತು. ಅವಳ ಸಿಟ್ಟಿಗೆ ಈಗ ಎರಡು ಮುಖ ಸಿಕ್ಕಿದ್ದವು, ಒಂದು ಮುಖವನ್ನು ದಿನಕ್ಕೆ ಮೂರು ಹೊತ್ತು ನೋಡಬೇಕಿತ್ತು.

ಫೋಟೋ ತೆಗೆದವರನ್ನು ಕರೆಸಿ ಕೇಳಿ ಎಂದು ಅವಳು ಆಸ್ಪತ್ರೆಗೆ ಹೇಳಿ ಕಳಿಸಿದ್ದಳು. ಆದರೆ ಆ ಹೊತ್ತಿಗೆ ಮಾವನ ಮೇಲೆ ಅವಳಿಗೆ ಒಂದು ಕೂದಲೆಳೆಯಷ್ಟೂ ನಂಬಿಕೆ ಉಳಿದಿರಲಿಲ್ಲ. ಅವನಿಗೆ ಈಗ ದಾರಿ ಸುಲಭವಾಗಿತ್ತು. ಸೋಮವಾರ ಬೆಳಿಗ್ಗೆ ಬ್ಯಾಟರಿ ಹಾಕುವಾಗ ಸರಿಯಾದ ಗಂಟೆ ಹಾಕಿಕೊಂಡು ಬಂದರಾಯಿತು. ಯಾರು ಪರೀಕ್ಷೆ ಮಾಡಿದರೂ ಕ್ಯಾಮೆರಾ ಸಾಚಾ, ಮಾವ ಸಾಚಾ, ಸುಳ್ಳಿ ಇವಳೊಬ್ಬಳೇ.

ವಿಚಾರಣೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ. ಉದ್ದನೆಯ ಮೇಜಿನ ಆಚೆ ಅವರು, ಒಂದು ಪಕ್ಕಕ್ಕೆ ಮೇಟ್ರನ್, ಇನ್ನೊಂದು ಪಕ್ಕಕ್ಕೆ ಆಡಳಿತ ವಿಭಾಗದ ಅಧಿಕಾರಿ. ಅವರ ಹಿಂದೆ ಗೋಡೆಯ ಮೇಲೆ ಆಸ್ಪತ್ರೆಗೆ ಯಾರೋ ಉಡುಗೊರೆ ಕೊಟ್ಟ ದೊಡ್ಡ ಗಡಿಯಾರ. ಮುದುಕನ ಮಗ ಕಿಟಕಿ ಬಳಿ ಕೂತಿದ್ದ, ಬಾಗಿಲ ಬಳಿ ಜವಾನ ನಿಂತಿದ್ದ. ಹನ್ನೊಂದಕ್ಕೆ ಬನ್ನಿ ಎಂದಿದ್ದರು. ಮಾವ ಬಂದಾಗ ಹನ್ನೊಂದೂವರೆಗೆ ಸ್ವಲ್ಪವೇ ಬಾಕಿ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಕ್ಯಾಮೆರಾ ಚೀಲ ತೂಗಿಸಿಕೊಂಡು ಬಂದ. ಅಕ್ಕನ ಮಗಳ ಕಡೆ ನೋಡಲಿಲ್ಲ.

"ಈ ಫೋಟೋ ನೀವು ತೆಗೆದದ್ದೇ?"

"ನಾನೇ ಸಾರ್."

"ಇದರ ಮೇಲಿರೋ ಟೈಮ್?"

"ಕ್ಯಾಮೆರಾ ಹಾಕಿದ್ದು."

"ಕ್ಯಾಮೆರಾಗೆ ಟೈಮ್ ಹಾಕೋರು ಯಾರು?"

"ನಾನೇ. ದಿನಾ ಬೆಳಿಗ್ಗೆ ಬ್ಯಾಟರಿ ಹಾಕಿ ನಾನೇ ಸೆಟ್ ಮಾಡ್ತೀನಿ. ಬೇರೆಯವರು ಮುಟ್ಟಲ್ಲ." ಮಾವ ಚೀಲದ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡ. "ಆ ಫೋಟೋ ದಿನ ಹೇಗೆ ಸೆಟ್ ಮಾಡಿದ್ನೋ ಇವತ್ತೂ ಹಾಗೇ ಮಾಡ್ಕೊಂಡು ಬಂದಿದೀನಿ."

ಸೂಪರಿಂಟೆಂಡೆಂಟರು ಆಡಳಿತಾಧಿಕಾರಿಯ ಕಡೆ ನೋಡಿದರು. "ಹಾಗಾದ್ರೆ ಅನುಮಾನಕ್ಕೆ ಜಾಗ ಇಲ್ಲ ಅಂತಾಯ್ತು."

ಅವಳು ಎದ್ದು ನಿಂತಳು. ಸೋಲುವ ಪಂದ್ಯ ಎಂದು ಗೊತ್ತಿತ್ತು. ಆದರೆ ಕೂತು ಸೋಲುವುದು ಅವಳಿಂದಾಗುತ್ತಿರಲಿಲ್ಲ. ಅವನು ತನ್ನ ಕಣ್ಣೆದುರು, ತನ್ನ ಕೈಯಾರೆ ಮಾಡಲಿ. ಆಮೇಲೆ ಬದುಕಿರುವವರೆಗೂ ಆ ಕೈಯಲ್ಲೇ ಊಟ ಮಾಡಲಿ.

"ನನಗೆ ಅನುಮಾನ ಇದೆ. ಕ್ಯಾಮೆರಾ ಇಲ್ಲೇ ಇದೆಯಲ್ಲ, ಒಂದು ಫೋಟೋ ತೆಗೆಯಲಿ." ಮಾವನ ಕಡೆ ತಿರುಗಿದಳು. ನೀನು ಮತ್ತೆ ನೀವು ಆಗಿತ್ತು, ಈ ಸಲ ಗೌರವಕ್ಕಲ್ಲ. "ತೆಗೀರಿ. ಎಲ್ಲರೂ ನೋಡಲಿ ನಿಮ್ಮ ಕರೆಕ್ಟ್ ಟೈಮು."

"ತೆಗೀಲಿ, ಅದಕ್ಕೇನಂತೆ" ಎಂದು ಸೂಪರಿಂಟೆಂಡೆಂಟರು ಟೈ ಸರಿಮಾಡಿಕೊಂಡರು. ಮೇಟ್ರನ್ ಟೋಪಿ ಮುಟ್ಟಿ ನೋಡಿಕೊಂಡರು. ವಿಚಾರಣೆಯಾದರೂ ಫೋಟೋ ಫೋಟೋವೇ.

ಮಾವ ಚೀಲದಿಂದ ಕ್ಯಾಮೆರಾ ತೆಗೆದ. ಕಣ್ಣಿಗಿಟ್ಟುಕೊಂಡು ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಹೆಜ್ಜೆ ಸರಿದ. ಜವಾನ ಎಷ್ಟೋ ವಾರ್ಷಿಕ ಸಮಾರಂಭಗಳಲ್ಲಿ ಮಾವನ ಜೊತೆ ಪಳಗಿದವನು. ಯಾರೂ ಹೇಳದೆಯೇ ಮೂಲೆಯ ಸ್ಟೂಲನ್ನು ಗೋಡೆಗೆ ಎಳೆದು ಅದರ ಮೇಲೆ ಒಂದು ಕಾಲಿಟ್ಟಾಗಿತ್ತು.

"ಗಡಿಯಾರ ಇಳಿಸ್ಲಾ ಸಾರ್?"

ಮಾವ ಕ್ಯಾಮೆರಾ ಕೆಳಗಿಳಿಸಿದ. ಗಡಿಯಾರ ನೋಡಿದ. ಆ ಕೋಣೆಗೆ ಬಂದ ಮೇಲೆ ಮೊದಲ ಸಲ ಅಕ್ಕನ ಮಗಳ ಕಡೆ ನೋಡಿದ. ಅಳುವ ಮಗುವಿನ ಎದುರು ಮಾಡುತ್ತಿದ್ದ ಮುಖದ ಹಾಗೆಯೇ ಇತ್ತು ಆ ಮುಖ.

"ಬೇಡ. ಇರಲಿ."

"ಗಾಜಿಗೆ ಫ್ಲ್ಯಾಷ್ ಬಡಿಯುತ್ತೆ ಅಂತ ಪ್ರತಿ ಸಲ ನೀವೇ..."

"ಬಡೀಲಿ ಬಿಡಪ್ಪ."

ಫ್ಲ್ಯಾಷ್ ಹೊಳೆಯಿತು. ಮಾವ ತಾನು ನೋಡದೆ, ಯಾರಿಗೂ ಮುಟ್ಟಗೊಡದ ಆ ಕ್ಯಾಮೆರಾವನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಇಟ್ಟು, ಬೆರಳಿನಿಂದ ಮುಂದಕ್ಕೆ ತಳ್ಳಿದ. ಸೂಪರಿಂಟೆಂಡೆಂಟರು ಬಗ್ಗಿ ನೋಡಿ ಮೇಟ್ರನ್ ಕಡೆ ಸರಿಸಿದರು. ಕೊನೆಗೆ ಮುದುಕನ ಮಗ ಎದ್ದು ಬಂದು ಅದನ್ನು ಕೈಗೆತ್ತಿಕೊಂಡ. ಮೂವರ ತಲೆಯ ಮೇಲೆ ಗಡಿಯಾರದ ಗಾಜಿನಲ್ಲಿ ಒಂದು ಸಣ್ಣ ಬೆಳಕಿನ ಚುಕ್ಕೆ ಬಿಟ್ಟರೆ ಬೆಂಕಿ ಗಿಂಕಿ ಏನೂ ಹತ್ತಿರಲಿಲ್ಲ; ಮುಳ್ಳುಗಳು ಸ್ಪಷ್ಟವಾಗಿ ಹನ್ನೊಂದೂವರೆ ತೋರಿಸುತ್ತಿದ್ದವು.

"ಇಲ್ಲಿ ಹತ್ತೂವರೆ ಅಂತಿದೆಯಲ್ಲ" ಎಂದ ಅವನು, ಮೂಲೆಯ ಅಂಕಿಗಳನ್ನು ನೋಡುತ್ತ. ತಲೆಯೆತ್ತಿ ಗೋಡೆ ನೋಡಿದ. ಮತ್ತೆ ಅಂಕಿ ನೋಡಿದ.

ಮಾವ ಚೀಲದ ಬಾಯಿ ತೆರೆದು ಹಿಡಿದುಕೊಂಡು, ಕ್ಯಾಮೆರಾ ಒಬ್ಬೊಬ್ಬರ ಕೈ ದಾಟಿ ತನ್ನ ಕಡೆ ಬರುವುದನ್ನು ಕಾಯುತ್ತ ನಿಂತ.